ಎಂಟು ಮಂಚ, ಎಂಟು ದಿವಂಗತರು

ಮಂಚಗಳಿಗೆ ಹೆಸರು ಹಾಕಿಸುವ ಯೋಚನೆ ನನ್ನದೇ ಎಂದು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ನಡಾವಳಿ ಪುಸ್ತಕದಲ್ಲೂ ಹಾಗೆಯೇ ದಾಖಲಾಗಿದೆ. ಆ ನಡಾವಳಿಯನ್ನು ಬರೆದವನೂ ನಾನೇ ಆದ್ದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. "ಕಾರ್ಯದರ್ಶಿಯವರ ಸಮಯೋಚಿತ ಸಲಹೆಯನ್ನು ಸಭೆಯು ಕರತಾಡನದೊಂದಿಗೆ ಸ್ವಾಗತಿಸಿತು" ಎಂಬ ವಾಕ್ಯ ಇಂದಿಗೂ ಅಲ್ಲಿದೆ. ಸಭೆಯಲ್ಲಿ ಇದ್ದವರು ನಾಲ್ಕು ಜನ. ಅವರಲ್ಲಿ ಒಬ್ಬರು ಬೋಂಡಾ ತಿನ್ನುತ್ತಿದ್ದರು. ಚಪ್ಪಾಳೆ ತಟ್ಟಿದ ಮೂವರಲ್ಲಿ ನಾನೂ ಒಬ್ಬ.

ಇದು ನಡೆದದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಶಾಖಾಧಿಕಾರಿಯಾಗಿ ನಿವೃತ್ತನಾಗಿ, ವಿಜಯನಗರದ ಮನೆಯಲ್ಲಿ ಹೆಂಡತಿಯ ಕಣ್ಣೆದುರು ಇಡೀ ದಿನ ಕೂತಿರುವ ಅಪರಾಧವನ್ನು ಎಸಗುತ್ತಿದ್ದ ಕಾಲ. ಬೆಳಗಿನ ಹೊತ್ತು ಪಾರ್ಕಿನಲ್ಲಿ ನಡೆಯುವವರದೊಂದು ಸಂಘವಿತ್ತು. ಅದಕ್ಕೂ ನಾನೇ ಕಾರ್ಯದರ್ಶಿ. ಸಂಘ ಅದುವರೆಗೆ ಕೈಗೆತ್ತಿಕೊಂಡಿದ್ದ ಮಹತ್ಕಾರ್ಯಗಳು ಎರಡು: ಮುರಿದ ಕಲ್ಲುಬೆಂಚಿನ ಬಗ್ಗೆ ಒಂದು ಮನವಿ, ಆ ಮನವಿಯ ಬಗ್ಗೆ ಒಂದು ನೆನಪೋಲೆ.

ಆ ಮುರಿದ ಬೆಂಚಿನ ಗಟ್ಟಿ ತುದಿಯಲ್ಲಿ ಒಂದು ದಿನ ಡಾಕ್ಟರಮ್ಮ ಬಂದು ಕೂತರು. ಆಕೆಯೂ ದಿನಾ ನಡೆಯುವವರೇ. ನಾವು ಒಂದು ಸುತ್ತು ಹಾಕಿ ರಾಜಕೀಯ ಮುಗಿಸುವಷ್ಟರಲ್ಲಿ ಮೂರು ಸುತ್ತು ಹಾಕಿ ಹೋಗಿಬಿಡುತ್ತಿದ್ದರು. ಕ್ಯಾನ್ಸರಿಗೆ ಇನ್ನು ಚಿಕಿತ್ಸೆ ಇಲ್ಲವೆಂದು ದೊಡ್ಡ ಆಸ್ಪತ್ರೆಗಳಿಂದ ಮನೆಗೆ ಬಂದವರನ್ನು ಹುಡುಕಿಕೊಂಡು ಸ್ಕೂಟರಿನಲ್ಲಿ ಓಡಾಡುವುದು ಅವರ ಕೆಲಸ. ಒಂದು ದಿನ ನಂದಿನಿ ಲೇಔಟ್, ಮರುದಿನ ಕೆಂಗೇರಿ.

"ನೋವು ಇಟ್ಕೊಂಡು ಯಾರೂ ಇರಬೇಕಾಗಿಲ್ಲ ಸಾರ್. ಔಷಧಿ ಇದೆ. ಮನೇಲೇ ಕೊಡ್ತೀನಿ. ಆದ್ರೆ ಕೆಲವರಿಗೆ ಎಂಟು ಹತ್ತು ದಿನ ಪಕ್ಕದಲ್ಲೇ ಇದ್ದು, ನೋಡ್ಕೊಂಡು, ಎಷ್ಟು ಡೋಸು ಅಂತ ಗೊತ್ತು ಮಾಡ್ಕೋಬೇಕು. ಅದಕ್ಕೊಂದು ಜಾಗ ಇಲ್ಲ. ಎಂಟು ಮಂಚ ಹಿಡಿಸೋ ಮನೆ ಸಾಕು" ಎಂದರು.

ನಿವೃತ್ತರ ಮುಂದೆ ಇಂಥ ಮಾತು ಆಡಬಾರದು. ಒಂದು ತಿಂಗಳೊಳಗೆ ಡಾಕ್ಟರಮ್ಮ, ನಾನು ಮತ್ತು ಪಾರ್ಕಿನ ಇನ್ನು ಮೂವರು ಸೇರಿ ಟ್ರಸ್ಟ್ ಆಗಿದ್ದೆವು. ಲೆಟರ್‌ಹೆಡ್ಡು ಅಚ್ಚಾಗಿತ್ತು. ರಬ್ಬರ್ ಸ್ಟಾಂಪು ಬಂದಿತ್ತು. ಮಾರ್ಫಿನ್ ಮಾತ್ರೆ ಇಡಲು ಪರವಾನಗಿ ಬೇಕು, ಎರಡು ಬೀಗದ ಬೀರು ಬೇಕು, ಒಂದೊಂದು ಮಾತ್ರೆಗೂ ರಿಜಿಸ್ಟರಿನಲ್ಲಿ ಸಹಿ ಬೇಕು ಎಂದು ಡಾಕ್ಟರಮ್ಮ ಹೆದರುತ್ತ ಹೇಳಿದಾಗ ನನಗಾದ ಸಂತೋಷವನ್ನು ವರ್ಣಿಸಲಾರೆ. ಮೂವತ್ತು ವರ್ಷ ಕಲಿತ ವಿದ್ಯೆಗೆ ಕೊನೆಗೂ ಒಂದು ಉಪಯೋಗ ಬಂದಿತ್ತು.

ಮನೆ ಸಿಕ್ಕಿದ್ದು ಮೂಡಲಪಾಳ್ಯದಲ್ಲಿ. ಅದು ಇನ್ನೂ ಹಳ್ಳಿಯಾಗಿದ್ದ ಕಾಲದ ಹಳೇ ಮನೆ: ಅಗಲ ಜಗುಲಿ, ದೊಡ್ಡ ಹಜಾರ, ಹಿಂದುಗಡೆ ದನದ ಕೊಟ್ಟಿಗೆ. ಸುತ್ತಲೂ ಮೂರು ಮಹಡಿಯ ಕಟ್ಟಡಗಳು ಎದ್ದು ನಿಂತಿದ್ದವು. ಅವುಗಳಲ್ಲಿ ಅರ್ಧ ಆ ಮನೆಯ ಅಜ್ಜಿಯವೇ. ರಾಗಿ ಹೊಲ ಲೇಔಟ್ ಆದ ಮೇಲೆ ಅಜ್ಜಿ ಹೊಸ ಕಟ್ಟಡವೊಂದರ ನೆಲಮಹಡಿಗೆ ಹೋಗಿದ್ದರು. ಹಳೇ ಮನೆಗೆ ಬೀಗ ಬಿದ್ದಿತ್ತು. ನಾನು ಬರೆದುಕೊಂಡು ಹೋಗಿದ್ದ ಎರಡು ಪುಟಗಳನ್ನು ಅಜ್ಜಿಗೆ ಓದಿ ಹೇಳತೊಡಗಿದೆ. "ಗುಣಪಡಿಸಲಾಗದ ವ್ಯಾಧಿಗಳಿಂದ ಬಳಲುತ್ತಿರುವವರ ಜೀವನದ ಅಂತಿಮ ಘಟ್ಟದಲ್ಲಿ" ಎಂಬಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಕೈಯೆತ್ತಿದರು.

"ಒಟ್ಟಲ್ಲಿ ಸಾಯೋ ಕಾಲಕ್ಕೆ ನೋವಿಲ್ದಂಗೆ ನೋಡ್ಕೊಳ್ತೀರಿ, ಅಷ್ಟೇ ತಾನೆ?"

"ಹೌದಮ್ಮ."

"ಅಷ್ಟು ಹೇಳಾಕೆ ಎಲ್ಡು ಹಾಳೆ ಬೇಕಾಯ್ತಾ ನಿಂಗೆ? ತಗಂಡೋಗು ಬೀಗದ ಕೈಯ. ಬಾಡಿಗೆ ಬ್ಯಾಡ. ವರ್ಸಕ್ಕೊಂದ್ ಸಲ ಸುಣ್ಣ ಬಳಿಸು."

ಉಳಿದ ಊರು ಅಜ್ಜಿಯಷ್ಟು ಸುಲಭವಾಗಿರಲಿಲ್ಲ. ರಸೀದಿ ಪುಸ್ತಕ ಹಿಡಿದು ನಾವು ರಾಜಾಜಿನಗರದಿಂದ ಬಸವೇಶ್ವರನಗರದವರೆಗೆ ಸವೆಸಿದ ಚಪ್ಪಲಿಗೆ ಲೆಕ್ಕವಿಲ್ಲ. ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರ ಜೊತೆ ನಡೆದ ಸಂವಾದ ನನಗೆ ಈಗಲೂ ಬಾಯಿಪಾಠ.

"ಆಸ್ಪತ್ರೆನಾ ಸಾರ್?"

"ಹೆಚ್ಚುಕಡಿಮೆ."

"ವಾಸಿ ಮಾಡ್ತೀರಾ?"

"ಇಲ್ಲ. ನೋವು ಕಮ್ಮಿ ಮಾಡ್ತೀವಿ."

"ಆಮೇಲೆ?"

"ಆಮೇಲೆ ಎಲ್ಲರಿಗೂ ಆಗೋದೇ ಆಗುತ್ತೆ."

"ಅದು ಪುಕ್ಕಟೆ ಆಗುತ್ತಲ್ಲ ಸಾರ್. ಅದಕ್ಯಾಕೆ ನಾನು ದುಡ್ಡು ಕೊಡ್ಲಿ?"

ಈ ತರ್ಕಕ್ಕೆ ನನ್ನ ಬಳಿ ಸುತ್ತೋಲೆ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮನಿಗೆ ಅವಸರ ಶುರುವಾಗಿತ್ತು. ಅದಕ್ಕೆ ಕಾರಣ ಬಾಪೂಜಿ ನಗರದ ಒಬ್ಬ ರೋಗಿ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ಕೆಲಸ ಮಾಡಿದ ಟರ್ನರ್. ಕಾಯಿಲೆ ಸೊಂಟದ ಮೂಳೆಗೆ ಹರಡಿತ್ತು. ನಿಲ್ಲಬಲ್ಲರು, ಮಲಗಬಲ್ಲರು, ಕೂರಲಾರರು. ಊಟವೆಂದರೆ ಗೋಡೆಗೊರಗಿ ನಿಂತು ನಾಲ್ಕು ತುತ್ತು, ಇಲ್ಲವೇ ಮಲಗಿದಲ್ಲಿಗೆ ಹೆಂಡತಿ ತಿನ್ನಿಸಿದಷ್ಟು. ಎರಡು ಮಹಡಿ ಮೇಲಿನ ಒಂದು ಕೋಣೆಯ ಮನೆ. ಡಾಕ್ಟರಮ್ಮ ವಾರಕ್ಕೆರಡು ಸಲ ಹೋಗುತ್ತಿದ್ದರೂ ಡೋಸು ಹಿಡಿತಕ್ಕೆ ಸಿಕ್ಕಿರಲಿಲ್ಲ. ಹೆಚ್ಚಾದರೆ ಮಂಪರು, ಕಡಿಮೆಯಾದರೆ ನರಳಾಟ.

"ಏನು ಬೇಕು ಅಂತ ಕೇಳಿದ್ರೆ, 'ಕೂತ್ಕೊಂಡು ಒಂದು ಊಟ ಮಾಡ್ಬೇಕು ಮೇಡಂ' ಅಂತಾರೆ, ಅಷ್ಟೇ. ಒಂದು ವಾರ ನರ್ಸ್ ಕಣ್ಣೆದುರಿಗಿದ್ರೆ ಅದು ಆಗುತ್ತೆ. ಖಂಡಿತ ಆಗುತ್ತೆ. ಬೇಗ ಮಾಡಿ ಸಾರ್" ಎಂದರು ಡಾಕ್ಟರಮ್ಮ.

ಬೇಗ ಮಾಡಬೇಕಾದರೆ ಜನರ ಸ್ವಭಾವದ ಜೊತೆಗೇ ಹೋಗಬೇಕು. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಯ ಹೆಸರು ಬರೆಸುವುದುಂಟು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ; ಹೆಸರು ಕಾಣಬೇಕಾದರೆ ಭಕ್ತರು ಬೆವರಬೇಕು. ಆದರೂ ಫ್ಯಾನು ಕೊಡುವವರಿಗೆ ಬರವಿಲ್ಲ. ನರ್ಸಿನ ಸಂಬಳಕ್ಕೆ, ಮಾತ್ರೆಗೆ, ಬೆಡ್‌ಶೀಟ್ ಒಗೆಸುವುದಕ್ಕೆ ಯಾರೂ ಬಿಚ್ಚದ ಕೈ, ಹೆಸರು ನಿಲ್ಲುವ ವಸ್ತುವೊಂದನ್ನು ತೋರಿಸಿದರೆ ತಾನಾಗಿ ಬಿಚ್ಚುತ್ತದೆ. ನಮ್ಮಲ್ಲಿ ಬರಲಿದ್ದ ವಸ್ತು ಮಂಚ. ಒಂದೊಂದು ಮಂಚದ ತಲೆಭಾಗಕ್ಕೂ ಒಂದು ಹಿತ್ತಾಳೆ ಫಲಕ. ಅದರ ಮೇಲೆ ದಾನಿಯ ತೀರಿಹೋದ ತಂದೆಯದೋ ತಾಯಿಯದೋ ಹೆಸರು. ಮಂಚದ ಬೆಲೆಯ ಜೊತೆಗೆ ಅದರ ಒಂದು ವರ್ಷದ ಖರ್ಚನ್ನೂ ದಾನಿ ಕೊಡತಕ್ಕದ್ದು. ಇದೇ ನನ್ನ ಸಮಯೋಚಿತ ಸಲಹೆ. ಡಾಕ್ಟರಮ್ಮ ಆ ಸಭೆಗೆ ಬಂದಿರಲಿಲ್ಲ. ಪರವಾನಗಿಯ ಕೆಲಸಕ್ಕೆ ಹೋಗಿದ್ದರು. ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎಂಟು ಮಂಚ ಹತ್ತೇ ದಿನದಲ್ಲಿ ಖರ್ಚಾದವು. ಮೊದಲನೆಯದು ಅಜ್ಜಿ ತಮ್ಮ ಯಜಮಾನರ ಹೆಸರಿಗೆ ತೆಗೆದುಕೊಂಡರು. ಪುಕ್ಕಟೆ ತರ್ಕದ ಹಾರ್ಡ್‌ವೇರ್ ಸಾಹುಕಾರರು ಸ್ವತಃ ನನ್ನ ಮನೆಗೆ ಬಂದು ಕಿಟಕಿ ಪಕ್ಕದ ಮಂಚವನ್ನು ತಮ್ಮ ತಂದೆಯ ಹೆಸರಿಗೆ ಕಾಯ್ದಿರಿಸಿದರು. ಫಲಕದ ಒಕ್ಕಣೆಯ ಬಗ್ಗೆ ಸ್ವಲ್ಪ ತಕರಾರು ಬಂತು. ಒಬ್ಬರು "ಲಿಂಗೈಕ್ಯ" ಎಂದಿರಲಿ ಎಂದರು, ಇನ್ನೊಬ್ಬರು "ವೈಕುಂಠವಾಸಿ", ಮತ್ತೊಬ್ಬರು "ಕೈಲಾಸವಾಸಿ". ಒಂದೇ ಹಜಾರದಲ್ಲಿ ಇಷ್ಟು ಲೋಕಗಳು ಬೇಡವೆಂದು ಎಲ್ಲರಿಗೂ ದಪ್ಪಕ್ಷರದಲ್ಲಿ "ದಿವಂಗತ" ಎಂದೇ ಕೆತ್ತಿಸಿ ಸಮಾನತೆಯನ್ನು ಕಾಪಾಡಿದೆ. ಹಿತ್ತಾಳೆಗೆ ಕಳ್ಳರ ಕಾಟವೆಂದು ಸ್ಕ್ರೂ ಬಿಟ್ಟು ರಿವೆಟ್ ಹೊಡೆಸಿದೆ. ದಾನಿಗಳಿಗೆ ಬರೆದ ಪತ್ರದಲ್ಲಿ "ಫಲಕವನ್ನು ಮಂಚಕ್ಕೆ ಶಾಶ್ವತವಾಗಿ ಅಳವಡಿಸಲಾಗುವುದು" ಎಂದು ಸಹಿ ಹಾಕಿದೆ. ಉದ್ಘಾಟನೆಯ ದಿನ ಅವರವರ ಫಲಕವನ್ನು ಅವರವರೇ ಅನಾವರಣ ಮಾಡಲೆಂದು ಎಂಟಕ್ಕೂ ಕಾಗದ ಅಂಟಿಸಿದೆ. ಹೀಗೆ ಒಂದಾದ ಮೇಲೊಂದರಂತೆ ಎಲ್ಲ ಮುಂಜಾಗ್ರತೆಗಳನ್ನೂ ತೆಗೆದುಕೊಂಡೆ.

ಯುಗಾದಿ ಕಳೆದ ಒಂದು ಭಾನುವಾರ ಉದ್ಘಾಟನೆ. ಅಂಗಳದಲ್ಲಿ ಶಾಮಿಯಾನ. ಕೊಟ್ಟಿಗೆ ಈಗ ಅಡುಗೆಮನೆ. ಅಲ್ಲಿ ಅಜ್ಜಿ ಹಾಲು ಉಕ್ಕಿಸಿದರು. ಹಾಲು ಪೂರ್ವಕ್ಕೇ ಉಕ್ಕಿತೆಂದು ಎಲ್ಲರಿಗೂ ಸಮಾಧಾನ. ಪೂರ್ವ ಯಾವ ಕಡೆ ಎಂಬ ಬಗ್ಗೆ ಎರಡು ಅಭಿಪ್ರಾಯವಿತ್ತು, ನಾನು ದಾಖಲಿಸಲಿಲ್ಲ. ನಾನು ನಲವತ್ತು ನಿಮಿಷ ಸ್ವಾಗತ ಭಾಷಣ ಮಾಡಿದೆ. ಡಾಕ್ಟರಮ್ಮ ಎರಡು ನಿಮಿಷ ಮಾತಾಡಿ, ಬಾಪೂಜಿ ನಗರದಿಂದ ಟರ್ನರನ್ನು ಕರೆತರಲು ವ್ಯಾನಿನ ಜೊತೆ ತಾವೇ ಹೊರಟುಹೋದರು.

ಆಮೇಲೆ ಅನಾವರಣ. ನಾನು ನಿರೀಕ್ಷಿಸದೇ ಇದ್ದದ್ದು ಏನೆಂದರೆ, ನಮ್ಮ ಜನ ತೀರಿಹೋದ ಅಪ್ಪನ ಹೆಸರಿನ ಮುಂದೆ ಬರಿಗೈಯಲ್ಲಿ ನಿಲ್ಲುವುದಿಲ್ಲ. ಕಾಗದ ಕಿತ್ತದ್ದೇ ತಡ, ಎಂಟೂ ಸಂಸಾರಗಳ ಚೀಲಗಳಿಂದ ಹಾರಗಳು ಹೊರಬಂದವು. ಫಲಕಗಳಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ದಿಂಬಿನ ಪಕ್ಕದ ಪುಟ್ಟ ಮೇಜಿನ ಮೇಲೆ ಬಾಳೆಹಣ್ಣು, ಅದಕ್ಕೆ ಚುಚ್ಚಿದ ಊದುಬತ್ತಿ. ಹಾರ್ಡ್‌ವೇರ್ ಸಾಹುಕಾರರು ತಂದೆಯ ಫೋಟೋವನ್ನೂ ತಂದಿದ್ದರು. ಅದನ್ನು ದಿಂಬಿನ ಮೇಲೇ ಒರಗಿಸಿ ಕೈಮುಗಿದರು. ಪ್ರತಿ ಮಂಚದ ಪಕ್ಕ ಸಂಸಾರ ಸಮೇತ ಫೋಟೋ ಹೊಡೆಸಿಕೊಂಡು, ಕಣ್ಣೊರೆಸಿಕೊಂಡು, ಎಲ್ಲರೂ ಊಟಕ್ಕೆ ಹೋದರು.

ಹಜಾರದಲ್ಲಿ ಹೊಗೆಯೊಳಗೆ ನಾನು ಮತ್ತು ನರ್ಸ್ ಉಳಿದೆವು. ಆಕೆ ಬಾಗಲಕೋಟೆ ಕಡೆಯ ಹುಡುಗಿ, ನಾಲ್ಕು ದಿನದ ಹಿಂದೆ ಕೆಲಸಕ್ಕೆ ಸೇರಿದವಳು. ಎರಡು ಸಾಲು ಮಂಚಗಳನ್ನು ಆ ಕಡೆಯಿಂದ ಈ ಕಡೆಗೆ ನೋಡಿದಳು.

"ಸರ್ರ, ಮಂದಿ ಮಲಗೂದು ಇಲ್ಲೇ ಹೌದಲ್ರಿ?"

"ಹೌದಮ್ಮ. ಯಾಕೆ?"

"ಏನಿಲ್ರಿ. ಕೇಳಿದೆ."

ಸರಿಯಾಗಿ ಆಗಲೇ ವ್ಯಾನು ಬಂತು. ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿದ್ದ ವ್ಯಾನು. ವಠಾರದ ನಾಲ್ಕು ಜನ ಟರ್ನರನ್ನು ಹಲಗೆಯ ಮೇಲೆ ಮಲಗಿಸಿ ಎರಡು ಮಹಡಿ ಇಳಿಸಿದ್ದರಂತೆ. ನಮ್ಮ ಗಾಲಿ ಸ್ಟ್ರೆಚರಿಗೆ ವರ್ಗಾಯಿಸುವಾಗ ಅವರು ಕಚ್ಚಿಹಿಡಿದ ತುಟಿ ಬಿಳುಪಾಗಿತ್ತು. ಸಣಕಲು ಮನುಷ್ಯ. ಆದರೆ ಕಣ್ಣುಗಳು ಸುಮ್ಮನಿರಲಿಲ್ಲ. ಬಾಗಿಲ ಚೌಕಟ್ಟು, ಸ್ಟ್ರೆಚರಿನ ಗಾಲಿ, ನನ್ನ ಕನ್ನಡಕ, ಎಲ್ಲವನ್ನೂ ಅಳೆಯುತ್ತಿದ್ದವು. ಪಕ್ಕದಲ್ಲಿ ಅವರ ಹೆಂಡತಿ, ಕೈಯಲ್ಲೊಂದು ಬಟ್ಟೆಯ ಚೀಲ. ಹಜಾರದ ಹೊಸ್ತಿಲು ದಾಟಿದ್ದೇ ಟರ್ನರ್ "ನಿಲ್ಸಿ" ಎಂದರು.

ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು:

"ಸಾರ್, ಇಷ್ಟೂ ಜನ ಇವತ್ತೇನಾ?"

"ಅಯ್ಯೋ, ಅಲ್ಲಪ್ಪ! ಇವರು ದಾನಿಗಳು. ಅಂದರೆ, ದಾನಿಗಳ ತಂದೆತಾಯಿಗಳು."

"ಇಲ್ಲಿ ತೀರ್ಕೊಂಡ್ರಾ?"

"ಇಲ್ಲ ಇಲ್ಲ. ಬೇರೆ ಕಡೆ. ಬಹಳ ಹಿಂದೆ."

"ಮತ್ತೆ ಇಲ್ಲಿಗ್ಯಾಕೆ ಬಂದ್ರು?"

ನಾನು ಸ್ಮರಣಾರ್ಥ ದಾನದ ಮಹತ್ವವನ್ನು ವಿವರಿಸಲು ಹೊರಟೆ. ಅವರು ತಲೆಯಾಡಿಸಿದರು.

"ನನ್ ತಲೆ ಮೇಲಿಂದು ನಂಗೆ ಕಾಣಲ್ಲ ಸಾರ್, ಅದಕ್ಕೆ ಬೇಜಾರಿಲ್ಲ. ಎದುರು ಮಂಚದವನ ತಲೆ ಮೇಲಿಂದು ಕಾಣುತ್ತಲ್ಲ? ಅವನು ಉಸಿರಾಡ್ತಾ ಇರ್ತಾನೆ, ಮೇಲೆ ದಿವಂಗತ ಅಂತ ಇರುತ್ತೆ. ಅವನೂ ನನ್ನ ಹಂಗೇ ನೋಡ್ತಾ ಇರ್ತಾನೆ. ಇಬ್ರೂ ಒಬ್ಬರನ್ನೊಬ್ರು ನೋಡ್ಕೊಂಡು ಉಪ್ಪಿಟ್ಟು ತಿನ್ಬೇಕಾ?" ಎಂದು ನಗಲು ಹೋದರು, ನಗು ಸೊಂಟಕ್ಕೆ ತಾಗಿ ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ನಗು ಇರಲಿಲ್ಲ. "ಮೇಡಂ, ತಪ್ಪು ತಿಳೀಬೇಡಿ. ನನ್ನ ಮನೆಗೆ ಬಿಟ್ಬಿಡಿ."

"ರೀ, ಬೇಡ ರೀ" ಎಂದರು ಹೆಂಡತಿ. ಮತ್ತೆ ನನ್ನ ಕಡೆ ತಿರುಗಿದರು. "ಇಳಿಸೋವಾಗ್ಲೇ ಇವರು ಕಿರುಚಿದ್ದು ಇಡೀ ಬೀದಿಗೆ ಕೇಳಿಸ್ತು ಸಾರ್. ಮತ್ತೆ ಹತ್ತಿಸ್ಬೇಕು ಅಂದ್ರೆ ನನ್ನ ಕೈಲಿ ನೋಡೋಕಾಗಲ್ಲ."

ಆಕೆ ಜೋರಾಗಿ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ಟ್ರೆಚರನ್ನು ಜಗುಲಿಗೆ ತಳ್ಳಿದರು. ಡಾಕ್ಟರಮ್ಮ ಬೀರುವಿನ ಎರಡೂ ಬೀಗ ತೆಗೆದು ಮಾತ್ರೆ ಕೊಟ್ಟರು. ನಮ್ಮ ರಿಜಿಸ್ಟರಿನ ಮೊದಲ ಸಹಿ ಜಗುಲಿಯಲ್ಲೇ ಬಿತ್ತು. ಆಮೇಲೆ ಹಜಾರದೊಳಗೆ ಹೋಗಿ ಫಲಕಗಳನ್ನು ಒಂದೊಂದಾಗಿ ಓದಿ ಹೊರಬಂದರು.

"ಸಾರ್, ಇವರನ್ನ ಒಪ್ಪಿಸೋಕೆ ನಂಗೆ ಎರಡು ತಿಂಗಳು ಹಿಡೀತು. ಬಲವಂತವಾಗಿ ಮಲಗಿಸಲ್ಲ. ವ್ಯಾನಿನವರು ಮೂರು ಗಂಟೆವರೆಗೂ ಕಾಯ್ತಾರೆ." ಅಷ್ಟೇ ಹೇಳಿದರು. ಆಗ ಗಂಟೆ ಒಂದು ಕಾಲು.

ಶಾಮಿಯಾನದಲ್ಲಿ ಬಿಸಿಬೇಳೆಬಾತ್ ಮುಗಿದು ಮೊಸರನ್ನ ನಡೆಯುತ್ತಿತ್ತು. ಶಾಶ್ವತವಾಗಿ ಎಂದು ಸಹಿ ಹಾಕಿದವನೇ ಹೋಗಿ, ಶಾಶ್ವತ ಎಂದರೆ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನದವರೆಗೆ ಎಂದು ಹೇಳಬೇಕಿತ್ತು. ದಾನಿಗಳಿಗೆ ಸಿಟ್ಟು ಬಂದರೆ ಮಂಚಗಳು ವಾಪಸ್ಸು, ಮಂಚಗಳ ಹಿಂದೆ ನರ್ಸಿನ ಸಂಬಳವೂ ವಾಪಸ್ಸು. ಗಂಟಲು ಸರಿಮಾಡಿಕೊಂಡು "ಮಾನ್ಯ ದಾನಿ ಮಹಾಶಯರೇ, ಅನಿವಾರ್ಯ ಕಾರಣಗಳಿಂದಾಗಿ" ಎಂದು ಆರಂಭಿಸಿದೆ. ಸಾಲಿನ ತುದಿಯಲ್ಲಿ ಎಲೆ ಮುಂದೆ ಕೂತಿದ್ದ ಅಜ್ಜಿ ತಲೆಯೆತ್ತಿದರು.

"ಏನಾತಪ್ಪಾ? ನೆಟ್ಟಗೆ ಹೇಳು."

ನೆಟ್ಟಗೆ ಹೇಳಿದೆ. ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೇ ಬಿಟ್ಟರು.

"ನಮ್ಮೆಜಮಾನ್ರು ಬದುಕಿದ್ದಾಗ ಯಾರ ತಲೆ ಮ್ಯಾಲೂ ಕುಂತೋರಲ್ಲ. ಸತ್ತ ಮ್ಯಾಲೆ ಕಾಯಿಲೆಯೋರ ತಲೆ ಮ್ಯಾಲೆ ಕುಂಡ್ರಿಸಿದ್ಯಾ ನೀನು? ಕಿತ್ತಾಕು."

ಅಜ್ಜಿಯ ಅಂಗಳದಲ್ಲಿ ಕೂತು, ಅಜ್ಜಿಯ ಮಾತಿಗೆ ಎದುರಾಡಿ, ಎರಡನೇ ಲಾಡು ಬಡಿಸಿಕೊಳ್ಳುವುದು ಕಷ್ಟ. ಫಲಕಗಳನ್ನು ಮಂಚದಿಂದ ಕಿತ್ತು ಗೋಡೆಗೆ ಹಾಕಲು ಆರು ಜನ ಒಪ್ಪಿದರು. ಹಾರ್ಡ್‌ವೇರ್ ಸಾಹುಕಾರರು ಒಪ್ಪಲಿಲ್ಲ. ಕೈ ತೊಳೆದುಕೊಂಡು ನನ್ನ ಜೊತೆ ಹಜಾರಕ್ಕೆ ಬಂದರು.

"ನಮ್ಮಪ್ಪ ಮೂರು ವರ್ಷ ಹಾಸಿಗೇಲಿದ್ರು ಸಾರ್. ಮಗ್ಗುಲು ಬದಲಾಯಿಸಿದ್ದು ನಾನೇ. ಅದಕ್ಕೇ ಮಂಚ ಕೊಟ್ಟಿದ್ದು. ಗೋಡೆಗೆ ಕೊಡೋ ಹಂಗಿದ್ರೆ ಪೇಂಟ್ ಕೊಡ್ತಿರ್ಲಿಲ್ವಾ? ಅಂಗಡೀಲೇ ಇದೆ."

ಅದು ಗಟ್ಟಿ ಮಾತು. ಪುಕ್ಕಟೆ ತರ್ಕದ ಮನುಷ್ಯ ಇವರೇನಾ ಎನಿಸಿತು. ನನಗೆ ಬೇರೇನೂ ತೋಚದೆ, "ಒಂದೈದು ನಿಮಿಷ ನೀವೇ ಮಲಗಿ ನೋಡಿ ಸಾರ್" ಎಂದೆ.

"ಮಲಗ್ತೀನಿ. ಅದರಲ್ಲೇನಿದೆ?" ಎಂದು ತಂದೆಯ ಫೋಟೋವನ್ನು ಪಕ್ಕಕ್ಕಿಟ್ಟು ಮಲಗಿಯೇ ಬಿಟ್ಟರು. ಬಿಳಿ ಪಂಚೆ, ಬಿಳಿ ಜುಬ್ಬಾ, ಎದೆಯ ಮೇಲೆ ಜೋಡಿಸಿದ ಕೈ. ಬಿಸಿಬೇಳೆಬಾತಿನ ಪ್ರಭಾವದಿಂದ ಕಣ್ಣೂ ಅರೆಮುಚ್ಚಿದವು. ತಲೆಯ ಮೇಲೆ ಹಾರ, ಪಕ್ಕದಲ್ಲಿ ಊದುಬತ್ತಿಯ ಹೊಗೆ. "ನೋಡಿ, ನಂಗೇನೂ ಅನ್ಸಲ್ಲ" ಎಂದರು.

ಅವರಿಗೆ ಅನಿಸಲಿಲ್ಲ, ನಿಜ. ಆದರೆ ಗಂಡನನ್ನು ಹುಡುಕಿಕೊಂಡು ಎಲೆಯಡಿಕೆ ಹಿಡಿದು ಅದೇ ಹೊತ್ತಿಗೆ ಒಳಬಂದ ಅವರ ಶ್ರೀಮತಿಯವರಿಗೆ ಅನಿಸಿತು. ಆಕೆ ಹಾಕಿದ ಕೂಗಿಗೆ ಅಡುಗೆಯವರು ಸೌಟು ಹಿಡಿದು ಓಡಿಬಂದರು.

"ಎದ್ದೇಳ್ರೀ ಮೊದ್ಲು! ಬುದ್ಧಿ ಇದೆಯೇನ್ರೀ ನಿಮ್ಗೆ? ಬಿಳೀ ಬಟ್ಟೆ ಹಾಕ್ಕೊಂಡು, ಹಾರದ ಕೆಳಗೆ! ಬಿಟ್ಟು ಬಿಟ್ಟು ಇವತ್ತು!"

"ಏನಾಯ್ತೇ? ಬರೀ ಮಲಗಿದ್ನಪ್ಪ."

"ಏನು ಬರೀ? ಈ ಕಡೆ ನಿಂತ್ಕೊಂಡು ನೋಡಿ ಗೊತ್ತಾಗುತ್ತೆ. ನನ್ ಎದೆ ಹೆಂಗೆ ಹೊಡ್ಕೊಳ್ತಿದೆ ನೋಡಿ!" ಆಮೇಲೆ ನನ್ನ ಕಡೆ ತಿರುಗಿದರು. "ಮಾವನೋರ ಹೆಸ್ರು ದೇವ್ರಂಥದ್ದು ಸಾರ್. ಬೇರೆ ಎಲ್ಲಾದ್ರೂ ಹಾಕಿ. ಇಲ್ಲಿಂದ ಈಗ್ಲೇ ತೆಗೀರಿ."

ಸಾಹುಕಾರರು ಹಜಾರದ ಆ ಕಡೆಗೆ ಹೋಗಿ ನಿಂತು, ತಾವು ಮಲಗಿದ್ದ ಮಂಚವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಂಗಡಿಗೆ ಫೋನು ಮಾಡಿ, "ಡ್ರಿಲ್ ಮಷೀನ್ ಕಳ್ಸು, ಜೊತೆಗೆ ಉದ್ದದ ವೈರು" ಎಂದರು. ನಡಾವಳಿಯಲ್ಲಿ "ದಾನಿಗಳು ಸ್ಥಳ ಪರಿಶೀಲನೆ ನಡೆಸಿ ಸರ್ವಾನುಮತದಿಂದ" ಎಂದು ಬರೆದಿದ್ದೇನೆ.

ಡ್ರಿಲ್ ಬರುವವರೆಗೆ ಸುಮ್ಮನಿರಬಾರದೆಂದು ನಾನು ಅಡುಗೆಯವರಿಂದ ತೆಂಗಿನಕಾಯಿ ಒಡೆಯುವ ಕತ್ತಿ ತರಿಸಿ ಮೊದಲ ರಿವೆಟ್ಟಿಗೆ ಕೈಹಾಕಿದೆ. ಮೂರನೇ ಏಟಿಗೆ ಜಗುಲಿಯ ಕಡೆಯ ಕಿಟಕಿಯಿಂದ ದನಿ ಬಂತು.

"ಯಾರ್ ಸಾರ್ ಅದು ತಗಡು ಬಡೀತಿರೋದು? ಮಂಚದ ತಲೆ ಸೊಟ್ಟಗಾಗುತ್ತೆ! ಬಿಡಿ ಅದನ್ನ!"

ಸ್ಟ್ರೆಚರು ಕಿಟಕಿಗೆ ತಾಗಿಕೊಂಡೇ ಇತ್ತು. ಟರ್ನರ್ ಕತ್ತು ಹೊರಳಿಸಿ ಒಳಗೆ ನೋಡುತ್ತಿದ್ದರು.

"ರಿವೆಟ್ ತೆಗೀಬೇಕು, ಅದಕ್ಕೆ..."

"ಹೊಡೆದ್ರೆ ಬರುತ್ತಾ? ತಲೆ ನಡುವಿಗೆ ಪಂಚಲ್ಲಿ ಗುರುತು ಮಾಡ್ಬೇಕು, ಅಲ್ಲಿ ಡ್ರಿಲ್ ಹಾಕ್ಬೇಕು. ತಲೆ ತಾನಾಗೇ ಕಳಚ್ಕೊಳ್ಳುತ್ತೆ. ಎಷ್ಟು ಎಂಎಂ ರಿವೆಟ್ಟು?"

"ಅದು... ಮಧ್ಯಮ ಗಾತ್ರದ್ದು."

ಅವರು ಹೆಂಡತಿಯ ಮುಖ ನೋಡಿದರು. ಅಂಥ ನೋಟಕ್ಕೆ ನಾನು ಮೂವತ್ತು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯಿಂದಲೂ ಗುರಿಯಾಗಿರಲಿಲ್ಲ. "ಕಿತ್ತು ಬಂದ್ರೆ ಒಂದು ತಂದು ತೋರಿಸಿ" ಎಂದರು.

ಡ್ರಿಲ್ ಬಂತು. ಹಿಡಿದವರು ಸಾಹುಕಾರರು, ಮಂಚ ಅಲುಗದಂತೆ ಅದರ ಮೇಲೆ ಕೂತವನು ನಾನು, ಹಾರಗಳನ್ನೂ ಫೋಟೋವನ್ನೂ ತೆಗೆದಿಟ್ಟವಳು ನರ್ಸ್, ಇಡೀ ಕಾಮಗಾರಿಯ ಮೇಲ್ವಿಚಾರಣೆ ಕಿಟಕಿಯಾಚೆಯಿಂದ. "ನೆಟ್ಟಗೆ ಹಿಡೀರಿ." "ಅದುಮಬೇಡಿ, ಅದೇ ಹೋಗುತ್ತೆ." "ಸದ್ದು ಬದಲಾಯ್ತು, ನಿಲ್ಸಿ, ನಿಲ್ಸಿ!" ಮೂರನೇ ಮಂಚದ ಹೊತ್ತಿಗೆ ಸಾಹುಕಾರರು ಬೆವೆತು, "ಅಣ್ಣಾ, ನಾನು ದಿನಾ ಡ್ರಿಲ್ ಮಾರ್ತೀನಿ" ಎಂದರು.

"ಮಾರೋದು ಬೇರೆ, ಹಿಡಿಯೋದು ಬೇರೆ ಗುರುವೇ."

ಡಾಕ್ಟರಮ್ಮ ಜಗುಲಿಯ ಕಂಬಕ್ಕೆ ಒರಗಿ ಗಡಿಯಾರ ನೋಡಿಕೊಳ್ಳುತ್ತಿದ್ದರು. "ಮಾತ್ರೆ ಕೆಲಸ ಮಾಡ್ತಾ ಇದೆ" ಎಂದು ಮೆಲ್ಲಗೆ ನನಗೆ ಹೇಳಿದರು.

ಮೂರು ಗಂಟೆಗೆ ವ್ಯಾನಿನ ಡ್ರೈವರ್ ಬಂದು, "ಹೊರಡೋಣ್ವಾ ಮೇಡಂ?" ಎಂದ. ಐದು ಮಂಚ ಮುಗಿದಿದ್ದವು. ಟರ್ನರ್ ಅವರ ಹೆಂಡತಿ ಚೀಲವನ್ನು ಎದೆಗೆ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದರು. ನಾನೂ ಮಂಚದ ಮೇಲಿಂದ ನೋಡಿದೆ.

"ಇರಪ್ಪಾ, ಇನ್ನೂ ಮೂರು ಬಾಕಿ ಇದೆ" ಎಂದರು ಟರ್ನರ್. "ಇವರ ಕೈಗೆ ಬಿಟ್ಟು ಹೋದ್ರೆ ಜರಡಿ ಮಾಡಿಡ್ತಾರೆ."

ಡ್ರೈವರ್ ಇನ್ನಷ್ಟು ಹೊತ್ತು ನಿಂತು, ಲಾಡು ತಿಂದು, ಒಬ್ಬನೇ ಹೊರಟುಹೋದ.

ಮೂರೂವರೆಗೆ ಸ್ಟ್ರೆಚರ್ ಒಳಗೆ ಬಂತು. ಹಾರವಿಲ್ಲ, ಹೆಸರಿಲ್ಲ, ಪ್ರತಿ ಮಂಚದ ತಲೆಗೆ ನಾಲ್ಕು ಪುಟ್ಟ ತೂತು ಮಾತ್ರ. ಟರ್ನರ್ ಕಿಟಕಿ ಪಕ್ಕದ ಮಂಚ ಆರಿಸಿಕೊಂಡರು. ಅದರ ತೂತುಗಳ ಅಂಚನ್ನು ಬೆರಳಿನಿಂದ ಸವರಿ, "ಚೂಪು ಇದೆ, ಅರ ಹಾಕ್ಬೇಕು. ನಾಳೆ ಹೇಳ್ಕೊಡ್ತೀನಿ" ಎಂದರು. ಸಾಹುಕಾರರು, "ನಾಳೆ ಅಂಗಡಿ ತೆಗೆಯೋ ಮುಂಚ್ನೇ ಬರ್ತೀನಿ ಅಣ್ಣ" ಎಂದರು. ಬಂದರು ಕೂಡ, ಅರದ ಜೊತೆಗೆ.

ಫಲಕಗಳ ಪುನರ್ವಸತಿಗೆ ಮರುದಿನ ಸಭೆ ಸೇರಿತು. ಜಗುಲಿ ಬೇಡ, ರೋಗಿಗಳಿಗೆ ಕಾಣುತ್ತದೆ. ಅಡುಗೆಮನೆ ಬೇಡ, ಹಬೆಗೆ ಕಪ್ಪಾಗುತ್ತವೆ. ಕೊನೆಗೆ ಡಾಕ್ಟರಮ್ಮ ಆಫೀಸು ಕೋಣೆಯ ಗೋಡೆಯನ್ನು ಸೂಚಿಸಿದರು. ಆ ಕೋಣೆಯಲ್ಲಿ ಕೂರುವವನು ನಾನೊಬ್ಬನೇ. ಹೀಗಾಗಿ ಮುಂದಿನ ಏಳು ವರ್ಷ ಎಂಟು ದಿವಂಗತರ ಕೆಳಗೆ ಕೂತು ರಸೀದಿ ಬರೆದೆ. ಹೊಸದಾಗಿ ಬಂದವರು ಮೊದಲು ಗೋಡೆಯನ್ನು, ಆಮೇಲೆ ನನ್ನನ್ನು, ಮತ್ತೆ ಗೋಡೆಯನ್ನು ನೋಡಿ, ಬಹಳ ಮೃದುವಾಗಿ ಮಾತಾಡಿಸುತ್ತಿದ್ದರು. ಇದು ಶಿಕ್ಷೆಯೇ ಎಂದು ಡಾಕ್ಟರಮ್ಮನನ್ನು ಒಮ್ಮೆ ಕೇಳಿದೆ. "ಅಲ್ಲ ಸಾರ್, ಗೋಡೆ ಖಾಲಿ ಇತ್ತು" ಎಂದರು.

ಡೋಸು ಹಿಡಿತಕ್ಕೆ ಬರಲು ಆರು ದಿನ ಬೇಕಾಯಿತು. ನರ್ಸ್ ಹಗಲಿಡೀ ಗಂಟೆಗಂಟೆಗೂ ಬಂದು, "ಈಗ ನೋವು ಎಷ್ಟೈತ್ರಿ ಕಾಕಾ? ಹತ್ತರಾಗ ಎಷ್ಟು?" ಎನ್ನುವಳು. ಬೇರೆಯವರು ಐದು, ಆರು ಎನ್ನುತ್ತಾರೆ. ಇವರು "ನಾಲ್ಕು ಮುಕ್ಕಾಲು" ಎನ್ನುವರು. ಅವಳು ಹಾಗೆಯೇ ಬರೆದುಕೊಳ್ಳುವಳು. ಮೊದಲು ದಿಂಬಿಗೊರಗಿ ಹತ್ತು ನಿಮಿಷ. ಮರುದಿನ ಕಾಲು ಇಳಿಬಿಟ್ಟು ಹತ್ತು ನಿಮಿಷ. ಆರನೆಯ ದಿನ ಬೆಳಿಗ್ಗೆ "ಒಂದೂವರೆ" ಎಂದರು. ನರ್ಸ್ ಆಫೀಸು ಕೋಣೆಗೆ ಓಡಿಬಂದು ಅದನ್ನು ನನಗೂ, ನನ್ನ ಹಿಂದಿನ ಎಂಟು ಜನಕ್ಕೂ ಹೇಳಿ ಹೋದಳು.

ಆವತ್ತು ಮಧ್ಯಾಹ್ನ ಅವರ ಹೆಂಡತಿ ಕೊಟ್ಟಿಗೆಯ ಅಡುಗೆಮನೆಯಲ್ಲಿ ತಾವೇ ಮುದ್ದೆ ತಿರುವಿದರು, ಸೊಪ್ಪಿನ ಬಸ್ಸಾರು ಮಾಡಿದರು. ಜಗುಲಿಯಲ್ಲಿ ಮೇಜು, ಎದುರುಬದುರು ಎರಡು ಕುರ್ಚಿ, ಒಂದಕ್ಕೆ ದಪ್ಪ ಮೆತ್ತೆ. ಟರ್ನರ್ ಎರಡು ಕೈಯೂರಿ ನಿಧಾನವಾಗಿ ಕುರ್ಚಿಗೆ ಇಳಿದರು. ನಾವೆಲ್ಲ ಬೇರೆ ಬೇರೆ ಕೆಲಸದ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆವು. ನಾನು ಒಂದೇ ರಿಜಿಸ್ಟರನ್ನು ಮೂರು ಸಲ ಹೊತ್ತು ತಂದೆ.

"ಏನ್ ಸಾರ್, ಎಲ್ಲ ಮದುವೆ ಮನೆ ಹಂಗೆ ನಿಂತಿದೀರಾ? ಹೋಗಿ ಕೆಲಸ ನೋಡ್ಕೊಳ್ಳಿ" ಎಂದರು.

ಯಾರೂ ಹೋಗಲಿಲ್ಲ. ಅವರು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದರು. ಇಪ್ಪತ್ತು ನಿಮಿಷ ಕೂತು ಉಂಡರು. ಆ ಇಪ್ಪತ್ತು ನಿಮಿಷದಲ್ಲಿ ಮೇಜಿನಾಚೆ ಅವರ ಹೆಂಡತಿ ತಮ್ಮ ತಟ್ಟೆಯನ್ನು ಮುಟ್ಟಲೇ ಇಲ್ಲ.

"ನೀನೂ ತಿನ್ನೇ. ಎಷ್ಟು ಹೊತ್ತು ನನ್ನೇ ನೋಡ್ತೀಯಾ?"

"ತಿಂತೀನಿ ಇರಿ."

"ಇನ್ನರ್ಧ ಹಾಕು."

ಆಕೆ ತಮ್ಮ ತಟ್ಟೆಯ ಮುದ್ದೆಯನ್ನೇ ಮುರಿದು ಅರ್ಧ ಹಾಕಿದರು. ಆಮೇಲೆ ಉಳಿದ ಅರ್ಧವನ್ನು ಊಟ ಮಾಡಿದರು.

ಆ ಟರ್ನರ್ ಮುಂದೆ ಐದು ತಿಂಗಳು ಬದುಕಿದರು, ಅದರಲ್ಲಿ ಬಹುಪಾಲು ಕೂತುಕೊಂಡೇ. ಕಡೆಗೆ ಹೋದದ್ದು ತಮ್ಮ ಮನೆಯಲ್ಲೇ. ಆದರೆ ನನಗೆ ನೆನಪಾಗುವುದು ಅವರು ನಮ್ಮಲ್ಲಿಂದ ಹೊರಟ ಒಂಬತ್ತನೆಯ ದಿನ. ಮಲಗಿಸಿಕೊಂಡು ಹೋಗಲು ವ್ಯಾನು ತರಿಸಲೇ ಎಂದು ಕೇಳಿದೆ. "ಬೇಡ ಸಾರ್, ಆಟೋ ಸಾಕು" ಎಂದರು. ರಸ್ತೆಗೆ ಹೋಗಿ ನಾನೇ ಆಟೋ ನಿಲ್ಲಿಸಿದೆ. ಗೇಟಿನವರೆಗೆ ನಡೆದು ಬಂದು, ಮೆತ್ತೆಯನ್ನು ಸೀಟಿನ ಮೇಲಿಟ್ಟು ಕೂತರು. ಹೆಂಡತಿ ಪಕ್ಕದಲ್ಲಿ.

"ಎಲ್ಲಿಗೆ ಸಾರ್?" ಎಂದ ಆಟೋದವನು.

"ಬಾಪೂಜಿ ನಗರ. ನಿಧಾನಕ್ಕೆ ಹೋಗ್ಬೇಕು."

"ಮೀಟರ್ ಮೇಲೆ ಇಪ್ಪತ್ತು ಕೊಡಿ."

"ಯಾಕಪ್ಪಾ ಇಪ್ಪತ್ತು? ಹೋಗೋದು ನಿಧಾನಕ್ಕೆ ಅಂದೆ, ಸುತ್ತಾಕ್ಕೊಂಡು ಅಂದ್ನಾ? ಮೀಟರ್ ಹಾಕು."

"ರೀ, ಕೊಡೋಣ ಬಿಡಿ, ನಿಮಗೆ ಕಷ್ಟ ಆಗುತ್ತೆ" ಎಂದರು ಹೆಂಡತಿ.

"ನಂಗೇನು ಕಷ್ಟ? ಕೂತಿದೀನಲ್ಲ. ಸಂಜೆವರೆಗೂ ಇಲ್ಲೇ ಕೂತಿರ್ತೀನಿ. ಮೀಟರ್ ಹಾಕಪ್ಪಾ ನೀನು."

ಆಟೋದವನು ಇವರನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ, ಮೀಟರ್ ಹಾಕಿದ.